ಕುದುರೆಯ ಮೇಲಿಂದ ಮ್ಯೂಟ್ ತೆಗೆದಾಗ

2024ರಲ್ಲಿ ಹ್ಯಾಲೋವೀನ್ ಬಂದದ್ದು ಊರಿನ ನರಕ ಚತುರ್ದಶಿಯ ದಿನವೇ. ಸಾಗರದ ಮನೆಯಲ್ಲಿ ಅಮ್ಮ ಹಿಂದಿನ ರಾತ್ರಿ ಬಚ್ಚಲ ಹಂಡೆಗೆ ನೀರು ತುಂಬಿ, ಅದರ ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಫೋನಿನಲ್ಲಿ ಅದರ ಚಿತ್ರ ಕಳಿಸಿದ್ದರು. ಅಮೆರಿಕದ ಮಧ್ಯಪಶ್ಚಿಮ ಭಾಗದ ನಮ್ಮ ಊರಿನಲ್ಲಿ ಹಂಡೆಯಿಲ್ಲ, ಬಳ್ಳಿಯೂ ಇಲ್ಲ. ಆದರೂ ಗುರುವಾರ ಬೆಳಿಗ್ಗೆ ಬೇಗ ಎದ್ದು, ಶಾಲೆಗೆ ಹೊರಡುವ ಮೊದಲು ಮಗಳ ನೆತ್ತಿಗೆ ಎಣ್ಣೆಯೊತ್ತಿ ಬಿಸಿನೀರು ಹೊಯ್ದೆ. ಅದೇ ದಿನ ಸಂಜೆ ಅವಳ ಜೊತೆ ನಮ್ಮ ನಗರದ ವಾದ್ಯವೃಂದದ ಕಛೇರಿಗೆ ಹೋಗುವುದೆಂದು ಎರಡು ತಿಂಗಳ ಹಿಂದೆಯೇ ಟಿಕೆಟ್ ತೆಗೆದಿಟ್ಟಿದ್ದೆವು. ಭಯದ ಸಿನಿಮಾಗಳ ಸಂಗೀತವನ್ನು ಹ್ಯಾಲೋವೀನ್ ರಾತ್ರಿ ವೇದಿಕೆಯ ಮೇಲೆ ನುಡಿಸುವ ಕಾರ್ಯಕ್ರಮವದು.

ಮನೆಯಲ್ಲಿ ಉಳಿದು ಬಾಗಿಲಿಗೆ ಬರುವ ಮಕ್ಕಳಿಗೆ ಮಿಠಾಯಿ ಹಂಚುವ ಕೆಲಸವನ್ನು ನನ್ನವರು ವಹಿಸಿಕೊಂಡರು. ಈ ದೇಶಕ್ಕೆ ಬಂದ ಮೊದಲ ವರ್ಷ ಕತ್ತಲಲ್ಲಿ ಮನೆಯಿಂದ ಮನೆಗೆ ಹೋಗುವ ಮಕ್ಕಳ ಗುಂಪುಗಳನ್ನು ಕಂಡಾಗ ನನಗೆ ನೆನಪಾದದ್ದು ನಮ್ಮ ಮಲೆನಾಡಿನ ಅಂಟಿಕೆ-ಪಂಟಿಕೆಯವರು. ದೀಪಾವಳಿಯ ಬಲಿಪಾಡ್ಯಮಿಯ ರಾತ್ರಿ ಅವರು ದೀಪ ಹಿಡಿದು, ಗದ್ದೆಯ ಬದು, ಅಡಿಕೆ ತೋಟದ ಸಂಕ ದಾಟಿ ಬಂದು, ಬಾಗಿಲು ತೆಗೆಯಿರೆಂದು ಹೊರಗೆ ನಿಂತು ಹಾಡುತ್ತಿದ್ದರು. ನಾವು ಎದ್ದು ಅವರ ದೀಪಕ್ಕೆ ಎಣ್ಣೆ ಹೊಯ್ದು, ಹೋಳಿಗೆ, ಅಕ್ಕಿ, ಕಾಸು ಕೊಡುತ್ತಿದ್ದೆವು. ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಇಲ್ಲಿನದು ಸತ್ತವರು ಹತ್ತಿರ ಬರುತ್ತಾರೆಂಬ ನಂಬಿಕೆಯ ರಾತ್ರಿ, ನವೆಂಬರ್ 1ರ ಸಕಲ ಸಂತರ ಹಬ್ಬದ ಮುನ್ನಾದಿನ. ಅಂಟಿಕೆ-ಪಂಟಿಕೆಯವರು ತರುತ್ತಿದ್ದದ್ದು ಬೆಳಕು. ಆದರೆ ನಿದ್ದೆಗಣ್ಣಿನಲ್ಲಿ ಮಲಗಿದ್ದ ಮಗುವಿಗೆ ಅವರು ಯಾರೆಂದು ತಿಳಿಯುವ ಮೊದಲು ದೂರದಿಂದ ಕೇಳುತ್ತಿದ್ದದ್ದು ದನಿ ಮಾತ್ರ. ಆ ದನಿ ಹತ್ತಿರವಾಗುತ್ತಾ ಬಂದಂತೆ ಎದೆ ಹೊಡೆದುಕೊಳ್ಳುತ್ತಿದ್ದದ್ದು ಈಗಲೂ ನೆನಪಿದೆ.

ಭಯ ಕಿವಿಯಿಂದ ಬರುತ್ತದೆಂದು ನನಗೆ ಮೊದಲು ಹೇಳಿದ್ದು ಅಜ್ಜಿ. ಭಾನುವಾರ ಸಂಜೆ ದೂರದರ್ಶನದಲ್ಲಿ ಬರುತ್ತಿದ್ದ ಕನ್ನಡ ಸಿನಿಮಾದಲ್ಲಿ ದೆವ್ವದ ದೃಶ್ಯ ಬಂದರೆ ನಾನು ಎರಡೂ ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಮುಚ್ಚಿಕೊಂಡ ಮೇಲೆ ಇನ್ನಷ್ಟು ಹೆದರಿ ನಡುಗುತ್ತಿದ್ದೆ. ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದ ಅಜ್ಜಿ ಒಮ್ಮೆ, "ಕಣ್ಣು ಮುಚ್ಚಿದ್ರೆ ಏನ್ ಬಂತೇ, ಕಿವಿ ಮುಚ್ಕ್ಯ" ಎಂದರು. ಮುಚ್ಚಿಕೊಂಡೆ. ಬಿಳಿ ಸೀರೆಯ ಹೆಂಗಸೊಬ್ಬಳು ಮರದ ಕೆಳಗೆ ಸುಮ್ಮನೆ ನಡೆದು ಹೋಗುತ್ತಿದ್ದಳು, ಅಷ್ಟೇ. ಅಂದಿನಿಂದ ನಾನು ಸಿನಿಮಾದ ಸಂಗೀತವನ್ನು ಬೇರೆಯಾಗಿ ಗಮನಿಸಲು ಶುರುಮಾಡಿದೆ. ಶಿವಮೊಗ್ಗದಲ್ಲಿ ಪಿಟೀಲು ಕಲಿಯಲು ಸೇರಿದ ಮೇಲೆ ಆ ಕುತೂಹಲ ಇನ್ನೂ ಬೆಳೆಯಿತು. ನನ್ನ ಪಿಟೀಲು ಮುಂದೆ ಪೆಟ್ಟಿಗೆ ಸೇರಿದರೂ, ಎಂಟನೇ ತರಗತಿಯಲ್ಲಿರುವ ಮಗಳು ಶಾಲೆಯ ವಾದ್ಯವೃಂದದಲ್ಲಿ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುತ್ತಾಳೆ. ಈ ಕಛೇರಿಗೆ ಹೋಗೋಣವೆಂದವಳು ಅವಳೇ.

ಸಭಾಂಗಣದ ಮೊಗಸಾಲೆಯಲ್ಲಿ ವೇಷ ತೊಟ್ಟವರು ತುಂಬಿದ್ದರು, ವಾದಕರಲ್ಲೂ ಕೆಲವರು ಕಪ್ಪು ಉಡುಪಿನ ಮೇಲೆ ಮೊನಚು ಟೋಪಿಗಳನ್ನು ಇಟ್ಟುಕೊಂಡಿದ್ದರು. ದೀಪ ಆರಿ ವಾದ್ಯಗಳು ಶ್ರುತಿ ಸೇರಿಸಿಕೊಂಡ ಮೇಲೆ ಅದೆಲ್ಲವೂ ಮರೆತುಹೋಯಿತು. ಮೊದಲು ನುಡಿಸಿದ್ದು ಸಿನಿಮಾ ಹುಟ್ಟುವುದಕ್ಕಿಂತ ಹಿಂದಿನ ಕೃತಿಯನ್ನು. 1830ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಕೇಳಿಸಿದ, ಫ್ರೆಂಚ್ ಸಂಯೋಜಕ ಬರ್ಲಿಯೋಜ್‌ನ 'ಸಿಂಫನಿ ಫ್ಯಾಂಟಾಸ್ಟಿಕ್'ನ ಕೊನೆಯ ಭಾಗವದು, ಮಾಟಗಾತಿಯರ ಕೂಟದ ಕನಸು. ಅದರ ನಡುವೆ ಗಂಟೆಗಳು ಮೊಳಗಿ, ಟ್ಯೂಬಾ ಮತ್ತು ಬಸೂನ್ ಎಂಬ ತಗ್ಗು ದನಿಯ ಊದುವ ವಾದ್ಯಗಳು ನಿಧಾನವಾಗಿ ನಾಲ್ಕು ಸ್ವರಗಳನ್ನು ಇಳಿಸುತ್ತವೆ. 'ದಿಯೆಸ್ ಇರೇ' ಎಂಬ, ಸತ್ತವರಿಗಾಗಿ ಚರ್ಚಿನಲ್ಲಿ ಹಾಡುತ್ತಿದ್ದ ಮಧ್ಯಯುಗದ ಲ್ಯಾಟಿನ್ ಸ್ತೋತ್ರದ ಮೊದಲ ಸಾಲು. ನಮ್ಮ ಸ್ವರಗಳಲ್ಲಿ ಬರೆದರೆ ಗ ರಿ ಗ ಸ. ಸಾಧಾರಣ ಗಾಂಧಾರ, ಚತುಶ್ರುತಿ ರಿಷಭ, ಮತ್ತೆ ಗಾಂಧಾರ, ಷಡ್ಜ. ನಮ್ಮ ಖರಹರಪ್ರಿಯದಲ್ಲಿ ಸದಾ ಓಡಾಡುವ ಸ್ವರಗಳೇ. ಸಾವಿನ ನೆರಳು ತೋರಿಸಬೇಕಾದಾಗ ಎಷ್ಟೋ ಸಲ ಸಿನಿಮಾ ಸಂಯೋಜಕರು ಇದೇ ನಾಲ್ಕು ಸ್ವರಗಳ ಬಳಿಗೆ ಹೋಗಿದ್ದಾರೆ. 1980ರ 'ದಿ ಶೈನಿಂಗ್' ಚಿತ್ರದ ಆರಂಭದಲ್ಲಿ ಬೆಟ್ಟದ ದಾರಿಯಲ್ಲಿ ಕಾರು ಹೋಗುವಾಗ ಕೇಳುವುದೂ ಇದೇ. ಬರ್ಲಿಯೋಜ್‌ನ ಕೃತಿ ಮುಗಿಯುವ ಹೊತ್ತಿಗೆ ಪಿಟೀಲಿನವರೆಲ್ಲ ಕಮಾನನ್ನು ತಿರುಗಿಸಿ ಅದರ ಕಡ್ಡಿಯಿಂದ ತಂತಿಯನ್ನು ಬಡಿಯತೊಡಗಿದರು. ಒಣಗಿದ ಎಲುಬುಗಳು ಒಂದಕ್ಕೊಂದು ತಾಗಿದಂತೆ ಸದ್ದು. ಧ್ವನಿಮುದ್ರಣದಲ್ಲಿ ಅದನ್ನು ಹತ್ತಾರು ಸಲ ಕೇಳಿದ್ದ ನನಗೆ ಆ ಸದ್ದು ಕಟ್ಟಿಗೆಯಿಂದ ಹುಟ್ಟುತ್ತದೆಂದು ಕಣ್ಣಾರೆ ಕಂಡದ್ದು ಅಂದೇ.

ಆಮೇಲೆ ಶಾರ್ಕ್ ಮೀನಿನ ದಾಳಿಯ ಕಥೆಯಾದ 1975ರ 'ಜಾಸ್' ಚಿತ್ರಕ್ಕೆ ಜಾನ್ ವಿಲಿಯಮ್ಸ್ ಬರೆದ ಸಂಗೀತ. ಅದರ ಎರಡು ಸ್ವರಗಳನ್ನು ಕೇಳದವರು ಕಡಿಮೆ. ಅರ್ಧ ಸ್ವರದ ಅಂತರದ ಆ ಎರಡನ್ನು ಪಿಟೀಲಿನ ಕುಟುಂಬದ ದೊಡ್ಡ ವಾದ್ಯಗಳಾದ ಚೆಲ್ಲೋ ಮತ್ತು ಡಬಲ್ ಬಾಸ್‌ಗಳು ತಗ್ಗಿನಲ್ಲಿ ನುಡಿಸುತ್ತವೆ. ನಾನು ಅಲ್ಲಿ ಕೂತು ಬೆರಳ ಮೇಲೆ ಲೆಕ್ಕ ಹಾಕಿದೆ: ಷಡ್ಜ, ಶುದ್ಧ ರಿಷಭ. ಪುರಂದರದಾಸರು ಹಾಕಿಕೊಟ್ಟರೆಂದು ನಾವು ನಂಬುವ ಪಾಠಕ್ರಮದಲ್ಲಿ ಮಾಯಾಮಾಳವಗೌಳದ ಸರಳೆ ವರಸೆಗೆ ಕೂತ ಮಗು ಬಾಯಿಬಿಟ್ಟು ಹಾಡುವ ಮೊದಲ ಎರಡು ಸ್ವರಗಳು ಇವೇ. ಸ ರಿ. ನನ್ನ ಪಾಲಿಗೆ ಅದು ಊದಿನಕಡ್ಡಿಯ ವಾಸನೆ, ಚಾಪೆ, ಮೇಷ್ಟರ ತಾಳದ ಸದ್ದು. ಇಲ್ಲಿ ಅದೇ ಅಂತರ ನೀರಿನಡಿಯಿಂದ ಬರುವ ಹಲ್ಲುಗಳಾಗಿದೆ. ಹಾಗಾದರೆ ಭಯ ಸ್ವರದಲ್ಲಿ ಇಲ್ಲ. ವಿಲಿಯಮ್ಸ್ ಒಂದು ಸಲ ನುಡಿಸಿ ನಿಲ್ಲಿಸುತ್ತಾರೆ, ಕಾಯಿಸುತ್ತಾರೆ, ಮತ್ತೊಮ್ಮೆ ನುಡಿಸಿ ಕಾಯಿಸುತ್ತಾರೆ, ಆಮೇಲೆ ಕಾಯುವ ಅವಧಿಯನ್ನು ಕಡಿಮೆ ಮಾಡುತ್ತಾ ಬರುತ್ತಾರೆ. ಗದ್ದೆಯ ಆಚೆಯಿಂದ ಹತ್ತಿರವಾಗುತ್ತಿದ್ದ ಹಾಡನ್ನು ಹಾಸಿಗೆಯಲ್ಲಿ ಕೇಳುತ್ತಿದ್ದಾಗ ಆಗುತ್ತಿದ್ದದ್ದೂ ಅದೇ. ವೇದಿಕೆಯ ಮೇಲೆ ಆ ಕಾಯುವಿಕೆಗೆ ರೂಪವಿತ್ತು. ಎಂಟು ಜನ ಬಾಸ್ ವಾದಕರು ಕಮಾನನ್ನು ತಂತಿಯ ಮೇಲಿಟ್ಟು, ಎಳೆಯದೆ, ಉಸಿರು ಹಿಡಿದು ನಿಂತಿದ್ದರು.

ಜಾನ್ ಕಾರ್ಪೆಂಟರ್ 1978ರಲ್ಲಿ ನಿರ್ದೇಶಿಸಿ ತಾವೇ ಸಂಗೀತ ನೀಡಿದ 'ಹ್ಯಾಲೋವೀನ್' ಚಿತ್ರದ ಪಿಯಾನೋ ಗತ್ತನ್ನು ಆ ರಾತ್ರಿ ಬಿಡುವಂತಿರಲಿಲ್ಲ. ಅದರ ಲಯ ಐದರದ್ದು. ಸಂಗೀತದ ಮೇಷ್ಟರಾಗಿದ್ದ ತಂದೆ ತಮಗೆ ಬಾಂಗೋ ಮೇಲೆ ಆ ಲೆಕ್ಕವನ್ನು ಕಲಿಸಿದ್ದರೆಂದು ಕಾರ್ಪೆಂಟರ್ ಹೇಳಿಕೊಂಡಿದ್ದಾರೆ. ಸಂಗೀತವಿಲ್ಲದೆ ಚಿತ್ರವನ್ನು ನೋಡಿದ ಸ್ಟುಡಿಯೋ ಅಧಿಕಾರಿಯೊಬ್ಬರಿಗೆ ಹೆದರಿಕೆಯೇ ಆಗಲಿಲ್ಲವೆಂಬುದನ್ನೂ ಅವರೇ ದಾಖಲಿಸಿದ್ದಾರೆ. ಅದನ್ನು ಓದಿದಾಗ ಅಜ್ಜಿಯ ಮಾತು ನೆನಪಾಗಿತ್ತು. ಖಂಡದ ಲೆಕ್ಕ, ಅಂದರೆ ಐದರ ಎಣಿಕೆ, ತಿಳಿದವರಿಗೆ ಈ ಗತ್ತು ಅಪರಿಚಿತವಲ್ಲ: ತಕಿಟ ತಕಿಟ ತಕ ತಕ, ಹತ್ತು ಅಕ್ಷರ, ಮತ್ತೆ ಮೊದಲಿಗೆ. ನಾನೂ ಮಗಳೂ ತೊಡೆಯ ಮೇಲೆ ತಾಳ ಹಾಕುತ್ತಿದ್ದೆವು. ನಾಲ್ಕರ ನಡಿಗೆಗೆ ಒಗ್ಗಿದ ಪಕ್ಕದ ಸಾಲಿನವರು ಕಾಲು ತಟ್ಟಲು ಹೋಗಿ ನಡುವೆ ನಿಲ್ಲಿಸಿದ್ದನ್ನು ಕಂಡೆ. ಅವರನ್ನು ಕಾಡುವ ಅಸ್ಥಿರತೆ ನನಗೆ ನೆಮ್ಮದಿಯಾಗಿ ಕೇಳಿಸಿತು. ಹೀಗಾಗಿ ಆ ಒಂದು ತುಣುಕಿಗೆ ಮಾತ್ರ ನಾನು ಹೆದರಲಿಲ್ಲ.

ವಿರಾಮದ ನಂತರ ಒಳಗೆ ಬಂದಾಗ ವೇದಿಕೆ ಅರ್ಧ ಖಾಲಿಯಾಗಿತ್ತು. ಕೊಳಲು, ಕ್ಲಾರಿನೆಟ್, ಕಹಳೆ, ಟ್ರಾಂಬೋನ್, ತಾಳವಾದ್ಯಗಳವರ ಕುರ್ಚಿಗಳಲ್ಲಿ ಯಾರೂ ಇರಲಿಲ್ಲ, ಹಿಂದೆ ದೊಡ್ಡ ತೆರೆ ಇಳಿದಿತ್ತು. ಇನ್ನು ಮುಂದೆ ನುಡಿಯುವುದು ತಂತಿಗಳು ಮಾತ್ರ. ಹಿಚ್‌ಕಾಕ್ ನಿರ್ದೇಶಿಸಿದ 1960ರ 'ಸೈಕೋ' ಚಿತ್ರದ ಆಯ್ದ ದೃಶ್ಯಗಳನ್ನು ತೋರಿಸುತ್ತಾ, ಬರ್ನಾರ್ಡ್ ಹರ್ಮನ್ ಬರೆದ ಸಂಗೀತವನ್ನು ಎದುರಿನಲ್ಲೇ ನುಡಿಸುವವರಿದ್ದರು.

ಹರ್ಮನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹ್ಯಾಲೋವೀನ್‌ಗೂ ಅವರಿಗೂ ಇನ್ನೊಂದು ನಂಟಿದೆ. 1938ರ ಅಕ್ಟೋಬರ್ 30ರ ರಾತ್ರಿ, ಹ್ಯಾಲೋವೀನ್‌ನ ಹಿಂದಿನ ದಿನ, ಆರ್ಸನ್ ವೆಲ್ಸ್ ಸಿಬಿಎಸ್ ರೇಡಿಯೋದಲ್ಲಿ ಮಂಗಳ ಗ್ರಹದವರ ದಾಳಿಯ ನಾಟಕವನ್ನು ಸುದ್ದಿಯ ಧಾಟಿಯಲ್ಲಿ ಪ್ರಸಾರ ಮಾಡಿ ಕೆಲವು ಕೇಳುಗರನ್ನು ನಿಜವಾಗಿಯೂ ಗಾಬರಿಪಡಿಸಿದರಲ್ಲ, ಆ ಪ್ರಸಾರದ ವಾದ್ಯವೃಂದವನ್ನು ನಡೆಸಿದವರು ಇಪ್ಪತ್ತೇಳು ವರ್ಷದ ಹರ್ಮನ್. ಅಲ್ಲಿ ಸುದ್ದಿಯ ನಡುವೆ ತುಂಡಾಗುವ ನೃತ್ಯಸಂಗೀತವೂ, ನಂತರದ ಮೌನವೂ ಭಯದ ಪಾಲುದಾರರಾಗಿದ್ದವು. ಇಪ್ಪತ್ತೆರಡು ವರ್ಷಗಳ ನಂತರ, ಕಡಿಮೆ ಹಣದಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆದ ಹಿಚ್‌ಕಾಕ್ ಚಿತ್ರಕ್ಕೆ ಅವರು ಬಣ್ಣಗಳನ್ನೆಲ್ಲ ಬಿಟ್ಟ ಸಂಗೀತವನ್ನು ಬರೆದರು. ಕಪ್ಪು-ಬಿಳುಪು ಚಿತ್ರಕ್ಕೆ ಕಪ್ಪು-ಬಿಳುಪು ನಾದ ಬೇಕೆಂಬುದು ಅವರ ವಿವರಣೆ. ಐವತ್ತು ತಂತಿವಾದ್ಯಗಳು: 14 ಮೊದಲ ಪಿಟೀಲು, 12 ಎರಡನೇ ಪಿಟೀಲು, 10 ವಯೋಲಾ, 8 ಚೆಲ್ಲೋ, 6 ಬಾಸ್. ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಬರೆದೇಬಿಟ್ಟರು, ಕೇಳಿಸಿದರು, ಹಿಚ್‌ಕಾಕ್ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡರು. ಸಿನಿಮಾದ ಚರಿತ್ರೆಯಲ್ಲಿ ನಿರ್ದೇಶಕನ ಮಾತು ಮೀರಿದ್ದಕ್ಕೆ ಇಷ್ಟು ದೊಡ್ಡ ಫಲ ಸಿಕ್ಕ ಇನ್ನೊಂದು ಪ್ರಸಂಗ ನನಗೆ ತಿಳಿಯದು.

ನಮ್ಮ ಆಸನಗಳು ಬಲಬದಿಯ ಮಾಳಿಗೆಯಲ್ಲಿದ್ದುದರಿಂದ ವಾದ್ಯವೃಂದದ ನಿರ್ದೇಶಕಿಯ ಮುಂದಿದ್ದ ಪುಟ್ಟ ಪರದೆ ನಮಗೆ ಕಾಣುತ್ತಿತ್ತು. ಹಿಂದಿನ ದೊಡ್ಡ ತೆರೆಯ ಚಿತ್ರವೇ ಅದರಲ್ಲೂ ಓಡುತ್ತಿತ್ತು, ಆದರೆ ಅದರ ಮೇಲೆ ಆಗಾಗ ಬಣ್ಣದ ನೇರ ಗೆರೆಯೊಂದು ಎಡದಿಂದ ಬಲಕ್ಕೆ ಸರಿಯುತ್ತಿತ್ತು. ಗೆರೆ ಅಂಚು ಮುಟ್ಟಿದಾಗ ಬೆಳಕಿನ ಚುಕ್ಕೆಯೊಂದು ಮಿಂಚುತ್ತಿತ್ತು. ಆ ಮಿಂಚಿಗೆ ಸರಿಯಾಗಿ ಅವರ ಕೋಲು ಇಳಿಯಬೇಕು. ಚಿತ್ರದಿಂದ ಸಂಗೀತವನ್ನು ಮಾತ್ರ ತೆಗೆದು, ಮಾತು ಮತ್ತು ಇತರ ಸದ್ದುಗಳನ್ನು ಉಳಿಸಿಕೊಂಡಿರುತ್ತಾರೆ. ತೆಗೆದ ಜಾಗವನ್ನು ಐವತ್ತು ಜನ ತುಂಬಬೇಕು. ನಿರ್ದೇಶಕಿಯ ಬೆನ್ನನ್ನೇ ನೋಡುತ್ತಿದ್ದ ನನಗೆ ಯಕ್ಷಗಾನದ ಭಾಗವತರ ನೆನಪು ಬಾರದೆ ಇರಲಿಲ್ಲ. ಭಾಗವತರೂ ಹೀಗೆಯೇ ವೇಷದ ಹೆಜ್ಜೆಯ ಮೇಲೆ ಕಣ್ಣಿಟ್ಟು ಪದವನ್ನು ಎತ್ತುತ್ತಾರೆ, ಚಂಡೆಗೆ ಸನ್ನೆ ಕೊಡುತ್ತಾರೆ, ಬಣ್ಣದ ವೇಷದ ಒಡ್ಡೋಲಗದಲ್ಲಿ ಪರದೆಯ ಹಿಂದಿನ ಅಬ್ಬರವನ್ನು ಎಷ್ಟು ಹೊತ್ತು ಬೆಳೆಸಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸುತ್ತಾರೆ. ವೇಷಧಾರಿ ದಣಿದಿದ್ದರೆ ಲಯ ತಗ್ಗುತ್ತದೆ, ಹುರುಪಿನಲ್ಲಿದ್ದರೆ ಇನ್ನೆರಡು ಸುತ್ತು ಸೇರುತ್ತದೆ. ಇಲ್ಲಿ ಆ ಕೊಡುಕೊಳ್ಳುವಿಕೆ ಇಲ್ಲ. ತೆರೆಯ ಮೇಲಿನ ಹೆಂಗಸು 64 ವರ್ಷಗಳ ಹಿಂದೆ ಕಾರು ನಡೆಸಿಯಾಗಿದೆ. ಅವಳು ಇವರಿಗಾಗಿ ಕಾಯುವುದಿಲ್ಲ, ಇವರ ತಪ್ಪನ್ನು ಮುಚ್ಚುವುದಿಲ್ಲ. ಬದುಕಿರುವ ಐವತ್ತು ಮಂದಿ, ಏನನ್ನೂ ಕೇಳಿಸಿಕೊಳ್ಳದ ಒಂದು ಚಿತ್ರದ ಜೊತೆ ಹೆಜ್ಜೆ ಹಾಕುತ್ತಿದ್ದರು. ಹ್ಯಾಲೋವೀನ್ ರಾತ್ರಿಗೆ ಇದಕ್ಕಿಂತ ತಕ್ಕ ಕೆಲಸವಿದೆಯೇ ಎಂದು ನನಗನ್ನಿಸಿತು, ಮೈ ಜುಮ್ಮೆಂದಿತು.

ಮಳೆಯಲ್ಲಿ ಕಾರು ಓಡುವ ದೃಶ್ಯದ ಉದ್ದಕ್ಕೂ ಪಿಟೀಲುಗಳ ದನಿ ಅದುಮಿಟ್ಟಂತೆ ಕೇಳುತ್ತಿತ್ತು. ವಾದ್ಯದ ತಂತಿಗಳನ್ನು ಹೊತ್ತು ನಿಲ್ಲುವ, ಕುದುರೆಯೆಂಬ ಮರದ ತುಂಡಿನ ಮೇಲೆ ಸಿಕ್ಕಿಸುವ ಮ್ಯೂಟ್ ಎಂಬ ಪುಟ್ಟ ಸಾಧನದ ಪರಿಣಾಮವದು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ರಬ್ಬರ್ ತುಂಡು ಕುದುರೆಯ ಕಂಪನವನ್ನು ಹಿಡಿದಿಟ್ಟು ನಾದದ ಹೊಳಪನ್ನು ಕಳೆಯುತ್ತದೆ. ಹರ್ಮನ್ ಈ ಚಿತ್ರದ ಸಂಗೀತದ ಬಹುಪಾಲನ್ನು ಮ್ಯೂಟ್ ಹಾಕಿಯೇ ನುಡಿಸಬೇಕೆಂದು ಬರೆದಿದ್ದಾರೆ. ನಮ್ಮ ಕಡೆ ಪಿಟೀಲಿನ ಕಥೆ ಇದಕ್ಕೆ ತಿರುವುಮುರುವು. ಸಭೆಯ ಕೊನೆಯವರಿಗೂ ಕೇಳಲೆಂದು ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿಸಿದರು. ನಾದವನ್ನು ಬೇಕೆಂದೇ ಕುಗ್ಗಿಸುವುದರಲ್ಲಿ ಇಷ್ಟೊಂದು ಶಕ್ತಿಯಿದೆಯೆಂದು ನನಗೆ ಯಾರೂ ಕಲಿಸಿರಲಿಲ್ಲ. ಐವತ್ತು ವಾದ್ಯಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ಮಾತಾಡಿದಂತಿತ್ತು.

ಮೋಟೆಲಿನ ಕೋಣೆಯ ದೃಶ್ಯ ಬಂತು. ಆಕೆ ಲೆಕ್ಕ ಬರೆದ ಕಾಗದವನ್ನು ಹರಿಯುತ್ತಾಳೆ, ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಸಂಗೀತ ನಿಂತಿತು. ನಿರ್ದೇಶಕಿ ಕೋಲು ಕೆಳಗಿಟ್ಟು ಪುಟ್ಟ ಪರದೆಯನ್ನೇ ನೋಡುತ್ತಾ ನಿಂತರು. ನೀರು ಸುರಿಯುವ ಸದ್ದು ಬಿಟ್ಟರೆ ಸಭಾಂಗಣದಲ್ಲಿ ಬೇರೇನೂ ಇಲ್ಲ. ಎಲ್ಲರ ಕಣ್ಣು ದೊಡ್ಡ ತೆರೆಯ ಮೇಲೆ, ಸ್ನಾನದ ಮನೆಯ ಪರದೆಯ ಹಿಂದೆ ನೆರಳು ಮೂಡುವುದನ್ನು ಕಾಯುತ್ತಿವೆ. ಮಗಳು ಮಾತ್ರ ವಯೋಲಾಗಳ ಸಾಲನ್ನು ನೋಡುತ್ತಿದ್ದಳು. ನನ್ನ ಮೊಣಕೈ ಹಿಡಿದು ಕಿವಿಯಲ್ಲಿ, "ಅಮ್ಮಾ, ಮ್ಯೂಟ್ ತೆಗೀತಿದಾರೆ" ಎಂದಳು.

ನೋಡಿದೆ. ಒಬ್ಬೊಬ್ಬರೇ, ಸದ್ದಾಗದಂತೆ, ಎರಡು ಬೆರಳಿನಿಂದ ಕುದುರೆಯ ಮೇಲಿನ ತುಂಡನ್ನು ಬಿಡಿಸಿ ಕೆಳಗೆ ಸರಿಸುತ್ತಿದ್ದರು. ಮುಂದಿನ ಸಾಲಿನ ನರೆಗೂದಲಿನ ಪಿಟೀಲು ವಾದಕಿ ತಮ್ಮದನ್ನು ತೆಗೆದು, ಪಕ್ಕದ ಕಿರಿಯನ ಕಡೆಗೊಮ್ಮೆ ನೋಡಿ, ಅವನದೂ ಆಯಿತೆಂದು ಕಂಡ ಮೇಲೆ ವಾದ್ಯವನ್ನು ಗದ್ದಕ್ಕೆ ಏರಿಸಿದರು. ಐವತ್ತು ಕಮಾನುಗಳು ಮೇಲೆದ್ದು ಗಾಳಿಯಲ್ಲಿ ನಿಂತವು. ತೆರೆಯ ಮೇಲಿನ ಹೆಂಗಸಿಗೆ ತಿಳಿಯದ್ದು, ಅವಳನ್ನೇ ನೋಡುತ್ತಿದ್ದ ನೂರಾರು ಜನಕ್ಕೂ ತಿಳಿಯದ್ದು, ನಮ್ಮಿಬ್ಬರಿಗೆ ತಿಳಿದಿತ್ತು. ಇಷ್ಟು ಹೊತ್ತೂ ಅದುಮಿಟ್ಟಿದ್ದ ದನಿಯನ್ನು ಈಗ ಬಿಚ್ಚಿದ್ದಾರೆ. ಆ ದೃಶ್ಯ ನನಗೆ ಬಾಯಿಪಾಠ. ಅದನ್ನು ತೆಗೆಯಲು ಒಂದು ವಾರ ಹಿಡಿದದ್ದು ಗೊತ್ತು, ರಕ್ತದ ಬದಲು ಚಾಕೊಲೇಟ್ ಪಾಕ ಬಳಸಿದ್ದು ಗೊತ್ತು. ಆದರೆ ನನ್ನ ಜೀವಮಾನದಲ್ಲಿ ಸಿನಿಮಾ ನೋಡುತ್ತಾ ಅಷ್ಟು ಹೆದರಿದ್ದಿಲ್ಲ, ಮತ್ತು ನಾನು ಹೆದರಿದ್ದು ಆ ಐವತ್ತು ಕೈಗಳ ಸ್ತಬ್ಧತೆಗೆ.

ಪರದೆ ಸರಿಯಿತು, ಬೆಳಕಿನ ಚುಕ್ಕೆ ಮಿಂಚಿತು. ಮೊದಲು ಪಿಟೀಲುಗಳ ತಾರದ ತುದಿಯಲ್ಲಿ ಒಂದು ಚೀತ್ಕಾರ, ಅದರ ಪಕ್ಕಕ್ಕೆ ಅರ್ಧ ಸ್ವರದಲ್ಲಿ ಘರ್ಷಿಸುವ ಇನ್ನೊಂದು, ಹಾಗೆಯೇ ಒಂದರ ಮೇಲೊಂದು. ನಾವು ಒಂದಾದ ಮೇಲೊಂದರಂತೆ ಕೇಳುವ ಸ್ವರಸ್ಥಾನಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿದರೆ ಹುಟ್ಟುವ ಆ ಸದ್ದಿಗೆ ರಾಗವಿಲ್ಲ, ಶ್ರುತಿಯ ಆಸರೆಯಿಲ್ಲ. ಪ್ರತಿ ಪೆಟ್ಟಿಗೂ ಕಮಾನನ್ನು ತಂತಿಯಿಂದ ಎತ್ತಿ ಮತ್ತೆ ಒಂದೇ ದಿಕ್ಕಿಗೆ ಎಳೆಯುತ್ತಿದ್ದರು. ನರೆಗೂದಲಿನವರ ವಾದ್ಯದಿಂದ ರಾಳದ ಪುಡಿ ಎದ್ದು, ಸ್ವರಪುಸ್ತಕದ ದೀಪದ ಬೆಳಕಿನಲ್ಲಿ ಹೊಗೆಯಂತೆ ತೇಲಿತು. ಅವರ ಮುಖದಲ್ಲಿ ಕ್ರೌರ್ಯವಿರಲಿಲ್ಲ, ಕಣ್ಣು ಕಿರಿದಾಗಿಸಿಕೊಂಡು ಎಣಿಸುತ್ತಿದ್ದರು. ಆಮೇಲೆ ಪಿಟೀಲುಗಳು ನಿಂತು, ಬಾಸ್ ಮತ್ತು ಚೆಲ್ಲೋಗಳ ಭಾರವಾದ ಹೆಜ್ಜೆಗಳು ಉಳಿದವು. ಗೋಡೆಗೆ ಒರಗಿದ ಆಕೆ ಜಾರುತ್ತಿದ್ದಂತೆ ಆ ಹೆಜ್ಜೆಗಳು ನಿಧಾನವಾಗುತ್ತಾ, ನಡುವಿನ ಬಿಡುವು ಹೆಚ್ಚುತ್ತಾ ಹೋಯಿತು. ಒಂದು ಜೀವ ನಿಲ್ಲುವುದನ್ನು ಹರ್ಮನ್ ಬರೆದದ್ದು ಅಲ್ಲಿ. ಚೀತ್ಕಾರವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಈ ಇಳಿಕೆಯನ್ನು ಮರೆತಿದ್ದಾರೆ. ಮನೆಯಲ್ಲಿ ನೋಡುವಾಗ ನಾನೂ ಆ ಹೊತ್ತಿಗೆ ಚಿತ್ರವನ್ನೇ ನೋಡುತ್ತಿದ್ದೆ, ಕೇಳುತ್ತಿರಲಿಲ್ಲ. ಅಂದು ಆರು ಬಾಸ್‌ಗಳ ಮರ ಕಂಪಿಸಿದ್ದು ನನ್ನ ಕುರ್ಚಿಯ ಕಾಲಿನಲ್ಲಿ ತಾಗಿತು. ಸತ್ತವಳ ಬಗ್ಗೆ ಮೊದಲ ಬಾರಿ ದುಃಖವಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ತೆರೆಯ ಮೇಲೆ ನೀರು ಇನ್ನೂ ಸುರಿಯುತ್ತಿತ್ತು. ವೇದಿಕೆಯ ಮೇಲೆ ಐವತ್ತು ಕೈಗಳು ಮುಂದಿನ ದೃಶ್ಯಕ್ಕಾಗಿ ಮತ್ತೆ ಮ್ಯೂಟ್‌ಗಳನ್ನು ಕುದುರೆಗೆ ಸಿಕ್ಕಿಸುತ್ತಿದ್ದವು.

ಕಾರಿನಲ್ಲಿ ಬರುವಾಗ ಮಗಳು ಬಹಳ ಹೊತ್ತು ಸುಮ್ಮನಿದ್ದು, ಅಷ್ಟು ಜೋರಾಗಿ ನುಡಿಸಿದರೆ ಕಮಾನಿನ ಕೂದಲು ಕಿತ್ತುಹೋಗುವುದಿಲ್ಲವೇ ಎಂದು ಕೇಳಿದಳು. ಒಂದೆರಡು ಹೋಗಿದ್ದನ್ನು ಅವಳೇ ಕಂಡಿದ್ದಳಂತೆ, ವಯೋಲಾದ ಮೂರನೆಯವರು ಅದನ್ನು ಹಲ್ಲಿನಿಂದ ಕತ್ತರಿಸಿ ಹಾಕಿದ್ದನ್ನೂ ಕಂಡಿದ್ದಳು. ಮನೆ ತಲುಪಿದಾಗ ರಾತ್ರಿ ಹತ್ತೂವರೆ. ಮಿಠಾಯಿಯ ಬೋಗುಣಿ ಖಾಲಿಯಾಗಿತ್ತು, ಬಾಗಿಲ ಬಳಿ ನಾನು ಸಂಜೆ ಹಚ್ಚಿಟ್ಟು ಹೋಗಿದ್ದ ಎರಡು ಹಣತೆಗಳಲ್ಲಿ ಒಂದು ಇನ್ನೂ ಉರಿಯುತ್ತಿತ್ತು. ಊರಿನಲ್ಲಿ ಮರುದಿನದ ಬೆಳಗಾಗಿತ್ತು, ಅಮಾವಾಸ್ಯೆಯ ಪೂಜೆಗೆ ಅಣಿಮಾಡುತ್ತಿದ್ದ ಅಮ್ಮನಿಗೆ ಫೋನ್ ಮಾಡಿದೆ. ಎಣ್ಣೆಸ್ನಾನ ಆಯಿತೇ, ಹೋಳಿಗೆ ಮಾಡಿದೆಯಾ ಎಂದು ಕೇಳುತ್ತಿದ್ದರು. ಮಗಳು ಒಳಕೋಣೆಯಲ್ಲಿ ಪೆಟ್ಟಿಗೆ ತೆಗೆದ ಸದ್ದು ಕೇಳಿತು. ಪಕ್ಕದ ಮನೆಯವರು ಮಲಗಿರುತ್ತಾರೆಂದು ಅವಳು ಮ್ಯೂಟ್ ಹಾಕಿಕೊಂಡೇ ನುಡಿಸಿದಳು: ಗ ರಿ ಗ ಸ, ನಿಧಾನವಾಗಿ, ಕೊನೆಯ ಷಡ್ಜವನ್ನು ಉದ್ದಕ್ಕೆ ಎಳೆದು.

ಅಮ್ಮ ಮಾತು ನಿಲ್ಲಿಸಿದರು.

"ಯಾರೇ ಅದು, ಕೂಸಾ? ಯಾವ ರಾಗ ಅದು?"

ಸಾವಿನ ಹಾಡೆಂದು ಹಬ್ಬದ ದಿನ ಹೇಗೆ ಹೇಳುವುದೆಂದು ತೋಚದೆ, ನಾಲ್ಕೇ ಸ್ವರ ಅಮ್ಮ, ಇನ್ನೂ ರಾಗವಾಗಿಲ್ಲ ಎಂದೆ.

"ಹೌದಾ. ಇನ್ನೊಂದ್ ಸಲ ನುಡಿಸ್ಲಿ, ಕೇಳ್ತೆ."

ನಾನು ಫೋನನ್ನು ಒಳಕೋಣೆಯ ಬಾಗಿಲಿನ ಕಡೆ ಹಿಡಿದೆ.